ಮೂಗಿನ ಸಾಕ್ಷಿ

ಶೇಂಗಾ ಹುರಿಯುವಾಗ ಫಕೀರವ್ವ ಈಗೀಗ ಎಣಿಸುತ್ತಾಳೆ. ಬಾಣಲೆಯಲ್ಲಿ ಮೊದಲ ಕಾಳು ಚಟ್ ಅಂದ ಮೇಲೆ ನಲವತ್ತು ಎಣಿಸುವುದು, ಒಂದು ಕಾಳು ತೆಗೆದು ತಿಕ್ಕಿ ಸಿಪ್ಪೆ ಬಿಡುತ್ತದೋ ನೋಡುವುದು, ಮತ್ತೆ ಇಪ್ಪತ್ತು ಎಣಿಸಿ ಕೆಳಗಿಳಿಸುವುದು. ಮೂವತ್ತೇಳಕ್ಕೆ ಬಂದಿದ್ದಳು, ಗೂಡಿನಲ್ಲಿದ್ದ ಫೋನು ಹೊಡೆದುಕೊಂಡಿತು. ಒಂಬತ್ತು ಗಂಟೆ. ಎಣಿಕೆ ಅಲ್ಲೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಏನ್ ಅಡಿಗಿ ಅಜ್ಜಿ ಇವತ್ತ?" ಎಂದಳು ಆ ಕಡೆಯಿಂದ ಗದಗಿನ ಕಾಳು ಕೇಂದ್ರದ ಶಾಹೀನಾ.

"ಚಟ್ನಿಪುಡಿಗೆ ಶೇಂಗಾ ಹುರಿಯಾಕತ್ತೇನವಾ."

"ಹೌದ? ಅದಕ್ಕ ನಂಗ ಗದಗಿನ ತನಕ ವಾಸ್ನಿ ಬರಾಕತ್ತೈತಿ ನೋಡ್ರಿ!"

ಫಕೀರವ್ವ ನಕ್ಕಳು. ಬೆನ್ನ ಹಿಂದೆ ಬಾಣಲೆಯಿಂದ ಹೊಗೆ ಏಳುತ್ತಿತ್ತು. ಅದು ಅವಳಿಗೆ ಗೊತ್ತಾದದ್ದು ಕಣ್ಣು ಉರಿದಾಗ.

"ಬಾಟ್ಲಿ ಮೂರ ಬಂದಿದ್ವಲ್ಲ, ಹೇಳ್ರಿ ಅಜ್ಜಿ, ಬರಕೋತೇನಿ."

"ಹೊಳಿಯಾಲೂರಿಂದು ಛಲೋ ಐತಿ, ಇಳೀಲಿ. ಮೆಣಸಗಿದು ಒಂಚೂರು ಮುಗ್ಗು, ಎರಡ ದಿನ ಬಾಯಿ ತೆರದಿಡ್ರಿ. ಮೂರನೇದ್ದೂ ಛಲೋ ಐತಿ."

"ಆತ್ರಿ. ಊಟಾ ಮಾಡ್ರಿ ಮತ್ತ, ಬರೇ ಚಾ ಕುಡದ ಕುಂದರಬ್ಯಾಡ್ರಿ."

ಫೋನು ಇಟ್ಟ ಮೇಲೆ ಕೋಣೆಯಲ್ಲಿ ಒಲೆಯ ಸದ್ದು ಮಾತ್ರ ಉಳಿಯಿತು. ಶೇಂಗಾ ಕಪ್ಪಾಗಿತ್ತು. ಅದನ್ನು ಹಿತ್ತಲಿಗೆ ಚೆಲ್ಲಿ ಬಂದು, ಬೇರೆ ಕಾಳು ಹಾಕಿ, ಮತ್ತೆ ಒಂದರಿಂದ ಎಣಿಸಲು ಕೂತಳು. ಅಂದು ಮನುಷ್ಯರೊಬ್ಬರು ಅವಳೊಡನೆ ಆಡಬೇಕಾದ ಮಾತು ಅಲ್ಲಿಗೆ ಮುಗಿದಿತ್ತು.

ಬಿಸಿಲು ಹೆಚ್ಚಾಗಿ ತಗಡಿನ ಗೋದಾಮುಗಳಲ್ಲಿಟ್ಟ ಕಾಳೆಲ್ಲ ಕುದ್ದು ಹುಳ ಹಿಡಿದ ವರ್ಷಗಳಲ್ಲಿ, ಸರಕಾರ ಹಳೆಯ ಹಗೇವುಗಳನ್ನು ನೆನೆಸಿಕೊಂಡಿತ್ತು. ನೆಲದೊಳಗೆ ಎರಡಾಳು ಆಳಕ್ಕೆ ತೋಡಿದ, ಕಿರಿದಾದ ಬಾಯಿಯ, ದೊಡ್ಡ ಹೊಟ್ಟೆಯ ಕುಣಿ. ಒಳಗೆ ಜೋಳದ ದಂಟು ಹೊದಿಸಿ ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಹತ್ತು ವರ್ಷ ಕೆಡುವುದಿಲ್ಲ. ಆದರೆ ಮುಚ್ಚಿದ ಕಾಳೂ ಉಸಿರಾಡುತ್ತದೆ. ಎಲ್ಲಿಂದಲೋ ತೇವ ಸೇರಿದರೆ ಹುಳಿಯುತ್ತದೆ. ಆಗ ಹೊಟ್ಟೆಯ ತುಂಬ ಇಂಗಾಲದ ಗಾಳಿ ತುಂಬಿ, ಇಳಿದವನು ಮೂರು ಉಸಿರಿಗೆ ಕುಸಿಯುತ್ತಾನೆ. ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹುಳಿತ ಕಾಳಿಗೆ ಮಾತ್ರ ವಾಸನೆಯಿದೆ, ಅದನ್ನು ಹಿಡಿಯುವ ಮೂಗು ಬೇಕು.

ಜಿಲ್ಲೆಯ ಸಾವಿರದ ನಾನೂರು ಹಗೇವುಗಳಿಗೆ ಕೇಂದ್ರದವರು ಒಂದೊಂದು ನಳಿಗೆ ಹುಗಿದಿದ್ದರು. ಬಿಸಿ ಎಷ್ಟು, ತೇವ ಎಷ್ಟು, ಗಾಳಿ ಎಂಥದು ಎಂದು ಆ ನಳಿಗೆ ಗದಗಿನ ಕಾಳು ಕೇಂದ್ರಕ್ಕೆ ತಿಳಿಸುತ್ತಿತ್ತು. ಅಲ್ಲಿ 'ತಿಳಿವು' ಇತ್ತು. ಜನ ಏನು ಕೇಳಿದರೂ ಜಗತ್ತಿನ ಬರಹವನ್ನೆಲ್ಲ ಹುಡುಕಿ ಒಂದು ಉತ್ತರ ಕೊಡುವ ಯಂತ್ರ. ಮಗುವಿಗೆ ಕೆಮ್ಮಾದರೆ, ಎಮ್ಮೆ ಹಾಲು ಕೊಡದಿದ್ದರೆ, ಮದುವೆಗೆ ಎಷ್ಟು ಸೇರು ಅಕ್ಕಿ ಬೇಕೆಂದರೆ, ಎಲ್ಲದಕ್ಕೂ ತಿಳಿವು. ಉತ್ತರದ ಕೆಳಗೆ ಅದು ಎಷ್ಟು ನಂಬಬಹುದು ಎಂದು ನೂರಕ್ಕೆ ಇಷ್ಟು ಅಂತ ಬರೆಯುತ್ತಿತ್ತು. ಆದರೆ ಹಗೇವಿನ ವಾಸನೆಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅದಕ್ಕೇ ಕೇಂದ್ರದವರು ಹಗೇವು ತೆಗೆಯುವ ಮನೆತನಗಳಿಂದ ಆರು ಜನರನ್ನು ಹುಡುಕಿ 'ಅನುಭವ ಸಾಕ್ಷಿ' ಎಂದು ಹೆಸರಿಟ್ಟರು. ನಳಿಗೆಯ ಅಂಕಿ ಅನುಮಾನವಾದಾಗ ಹಗೇವಿನ ತಳದ ಗಾಳಿಯನ್ನು ಬಾಟಲಿಯಲ್ಲಿ ಹಿಡಿದು ಬಸ್ಸಿಗೆ ಹಾಕುತ್ತಿದ್ದರು. ಸಾಕ್ಷಿಗಳು ಮೂಸಿ ಹೇಳಬೇಕು. ಹೇಳಿದ್ದನ್ನೆಲ್ಲ ತಿಳಿವು ಕಲಿಯುತ್ತಿತ್ತು.

ಹದಿನೈದು ವರ್ಷದಲ್ಲಿ ಐದು ಜನ ತೀರಿಕೊಂಡರು. ಕರಮಡ್ಡಿಯ ಫಕೀರವ್ವ ಒಬ್ಬಳೇ ಉಳಿದಳು.

ಅವಳ ಅಪ್ಪ ಹಗೇವು ತೆಗೆಯುವುದರಲ್ಲಿ ಹೆಸರಾದವನು. ಬಾಯಿ ತೆರೆದು ಒಂದು ದಿನ ಬಿಡುತ್ತಿದ್ದ. ಬೇವಿನ ಟೊಂಗೆ ಕಟ್ಟಿದ ಹಗ್ಗ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿ ಗಾಳಿ ಹೊರಗೆ ಹಾಕುತ್ತಿದ್ದ. ಆಮೇಲೆ ಕಂದೀಲು. ಕಂದೀಲು ಆರದಿದ್ದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ. ಏಳು ವರ್ಷದ ಫಕೀರವ್ವನದು ಬಾಯಲ್ಲಿ ಕೂತು ಕೂಗುವ ಕೆಲಸ. "ಅಪ್ಪಾ" ಅನ್ನಬೇಕು, ಅವನು ಒಳಗಿನಿಂದ "ಓ" ಅನ್ನಬೇಕು. ಮತ್ತೆ ಅಪ್ಪಾ, ಮತ್ತೆ ಓ. ಕಾಳು ಬಳಿದು ಮುಗಿಯುವ ತನಕ. ಓ ಬಾರದಿದ್ದರೆ ಎಲ್ಲರೂ ಸೇರಿ ಹಗ್ಗ ಎಳೆಯಬೇಕು. "ಕೂಗಾಕಿ ಆಕಳಿಸಿದ್ರ ನನ್ನ ಜೀವಾ ಹೋತು ನೋಡವಾ" ಎಂದು ಅವನು ನಗುತ್ತ ಹೇಳಿದ್ದು ಅವಳಿಗೆ ಎಪ್ಪತ್ತೊಂದರಲ್ಲೂ ನೆನಪಿತ್ತು. ಕೇಂದ್ರದವರು ವಾಸನೆಯ ವಿಷಯ ಕೇಳಿದರು, ಅವಳು ವಾಸನೆಯ ವಿಷಯ ಹೇಳಿದಳು. ಕೂಗುವುದನ್ನು ಅವರು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ. ಅದೂ ಹೇಳುವ ಮಾತೆಂದು ಅವಳಿಗೆ ಅನಿಸಿರಲಿಲ್ಲ.

ಮೂರು ವರ್ಷದ ಹಿಂದೆ ಜ್ವರ ಬಂತು. ಹನ್ನೊಂದು ದಿನ ಮಲಗಿ ಎದ್ದು ಮೊದಲ ಬಾಟಲಿಯ ಬಿರಟೆ ತೆಗೆದಳು. ಏನೂ ಇಲ್ಲ. ಇನ್ನೊಂದು ತೆಗೆದಳು. ಇಲ್ಲ. ಬೆಳ್ಳುಳ್ಳಿ ಜಜ್ಜಿ ಮೂಸಿದಳು, ಸೀಮೆಎಣ್ಣೆ ಮೂಸಿದಳು. ಮೂಗಿನೊಳಗೆ ನೀರಿನಂಥ ಗಾಳಿ ಹೋಗಿ ಬಂತು. ರೋಣದ ಡಾಕ್ಟರು "ಬಂದ್ರೂ ಬರಬಹುದು, ಬರದನೂ ಇರಬಹುದು" ಎಂದರು.

ಅಂದೇ ಅವಳು ಕಾಗದ ಬರೆದಳು. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವಳು. ಒಂದೊಂದಕ್ಷರ ಬರೆಯುವಾಗಲೂ ನಾಲಿಗೆ ತುಟಿಯ ಮೂಲೆಗೆ ಬರುತ್ತಿತ್ತು. 'ನನ್ನ ಮೂಗು ಹೋಗೈತಿ. ಇನ್ನ ಮ್ಯಾಲೆ ಬಾಟಲಿ ಕಳಿಸಬ್ಯಾಡ್ರಿ. ಫಕೀರವ್ವ.' ಮಡಿಚಿದಳು. ನಾಳೆ ಕಳಿಸಿದರಾಯಿತು ಎಂದುಕೊಂಡಳು.

ಮರುದಿನ ಒಂಬತ್ತಕ್ಕೆ ಫೋನು ಬಂತು. "ಜ್ವರ ಬಿಡ್ತೇನ್ರಿ ಅಜ್ಜಿ? ಹನ್ನೊಂದ ದಿನಾ ನಂಗ ಮುಂಜಾನಿ ಆದಂಗನ ಆಗಲಿಲ್ಲ ನೋಡ್ರಿ" ಎಂದಿತು ಅದೇ ದನಿ. ಗಂಡ ಸತ್ತು ಇಪ್ಪತ್ತು ವರ್ಷ, ಹೊಟ್ಟೆಯಲ್ಲಿ ಹುಟ್ಟಿದವರಿಲ್ಲ. ಧಾನ್ಯ ಸಂಘದವರು ಕೊಟ್ಟ ಒಂದು ಕೋಣೆ, ಎದುರಿಗೆ ಹಗೇವಿನ ಅಂಗಳ. ಬಾಟಲಿ ನಿಂತರೆ ಈ ದನಿಯೂ ನಿಲ್ಲುತ್ತದೆ. ಫಕೀರವ್ವ ಬಾಯಿ ತೆರೆದಳು. "ಬಿಡ್ತವಾ. ನಾಕ ದಿನಾ ತಡಿ, ಮೂಗು ಸ್ವಲ್ಪ ಕಟ್ಟೇತಿ" ಎಂದಳು.

ಐದನೆಯ ದಿನವೂ ಮೂಗು ಬರಲಿಲ್ಲ. ಬಾಟಲಿಯ ಚೀಟಿಯ ಮೇಲೆ ಊರು, ಮುಚ್ಚಿದ ದಿನ, ತೇವ ಎಲ್ಲ ಬರೆದಿತ್ತು. ಅದನ್ನು ತನ್ನ ಫೋನಿನಲ್ಲಿದ್ದ ತಿಳಿವಿಗೆ ಓದಿ, "ಇಂಥಾ ಹಗೇವಿನ ಗಾಳಿ ಹೆಂಗಿರತೈತಿ?" ಎಂದು ಕೇಳಿದಳು. ಅದು ತಡೆಯದೆ ಹೇಳಿತು: "ಸ್ವಲ್ಪ ಮುಗ್ಗಲು ವಾಸನೆ ಇರುತ್ತದೆ. ಎರಡು ದಿನ ತೆರೆದಿಡಬೇಕು. ಆಧಾರ: ಅನುಭವ ಸಾಕ್ಷಿ ಫಕೀರವ್ವ, ಕರಮಡ್ಡಿ. ನೂರಕ್ಕೆ ಎಂಬತ್ತೆಂಟು."

ತನ್ನ ಮಾತನ್ನೇ ತಾನು ಇಸಿದುಕೊಂಡಂತಾಯಿತು. ಇದರಲ್ಲಿ ತಪ್ಪೇನು ಎಂದುಕೊಂಡಳು. ಶಾಹೀನಾಗೆ ಅದನ್ನೇ ಹೇಳಿದಳು. ಶಾಹೀನಾ ಅದನ್ನು ಸಾಕ್ಷಿಯ ಮಾತೆಂದು ತಿಳಿವಿಗೆ ತುಂಬಿದಳು. ಮರುದಿನ ಅಂಥದೇ ಬಾಟಲಿ ಬಂದಾಗ ತಿಳಿವು ನೂರಕ್ಕೆ ತೊಂಬತ್ತು ಅಂದಿತು. ಮೂರು ವರ್ಷದಲ್ಲಿ ಅದು ತೊಂಬತ್ತೊಂಬತ್ತಕ್ಕೆ ಮುಟ್ಟಿತು. ತೊಂಬತ್ತೊಂಬತ್ತಾದ ಮೇಲೆ ಊರೂರಲ್ಲಿ ಕಂದೀಲು ಇಳಿಸುವುದು ಬಿಟ್ಟರು, ಹಗ್ಗ ಕಟ್ಟುವುದು ಬಿಟ್ಟರು. ಕರಮಡ್ಡಿಯ ಕಂದೀಲನ್ನು ಶಾಲೆಯವರು ಒಯ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟರು.

ಕಾಗದ ಕುಂಕುಮದ ಭರಣಿಯ ಕೆಳಗೆ ಹಾಗೇ ಇತ್ತು.

ಮೂರನೇ ವರ್ಷದ ಮಾಘದಲ್ಲಿ ಅಂಗಳದ ಒಂಬತ್ತನೇ ಹಗೇವು ತೆಗೆದರು. ಅಕಾಲದಲ್ಲಿ ಒಂದು ಮಳೆ ಬಿದ್ದು ಹೋಗಿತ್ತು. ನಳಿಗೆಯ ಅಂಕಿ ಅತ್ತವೂ ಅಲ್ಲ, ಇತ್ತವೂ ಅಲ್ಲ. ಅಂಗಳದ ಕಾರಕೂನ ಗುರುಲಿಂಗ ಬಾಟಲಿಯನ್ನು ಬಸ್ಸಿಗೆ ಹಾಕುವ ಬದಲು ತಾನೇ ನಡೆದು ಬಂದು ಕೊಟ್ಟ. ಫಕೀರವ್ವ ಬಾಗಿಲು ಓರೆ ಮಾಡಿ ತಿಳಿವನ್ನು ಕೇಳಿದಳು. ಒಂಬತ್ತಕ್ಕೆ ಶಾಹೀನಾಗೆ "ಛಲೋ ಐತಿ, ಇಳೀಲಿ" ಎಂದಳು.

ಮೇಲಿನ ಜೋಳವನ್ನು ಹೀರುವ ಯಂತ್ರದ ಕೊಳವೆ ಎಳೆದುಕೊಂಡಿತು. ತಳದ್ದನ್ನು ಬಳಿಯಲು ಯಾವಾಗಲೂ ಇಳಿಯುವವನು ದುರ್ಗಪ್ಪ. ಅಂಗಳದಲ್ಲಿ ಕೆಲಸವಿದ್ದಾಗ ಬುತ್ತಿ ಬಿಚ್ಚಲು ಅವಳ ಕಟ್ಟೆಗೇ ಬರುವ ಹಮಾಲ, ಅವಳ ಚಟ್ನಿಪುಡಿಯಲ್ಲಿ ರೊಟ್ಟಿ ತಿನ್ನುವ ಮನುಷ್ಯ. ಅವನು ಏಣಿ ಇಳಿಯುವುದನ್ನು ನೋಡಿ, ಯಾಕೋ ಏನೋ, ಫಕೀರವ್ವ ಹೋಗಿ ಹಗೇವಿನ ಬಾಯಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ದುರ್ಗಪ್ಪಾ!"

"ಏನ ದೊಡ್ಡವ್ವಾ?"

"ಓ ಅನ್ನಪಾ ಸಾಕು."

"ನೀನ ಛಲೋ ಐತಿ ಅಂತ ಹೇಳಿ ನೀನ ಬಂದ ಕುಂತೀ ಅಲ್ಲ! ನಿನ್ನ ಮೂಗಿನ ಮ್ಯಾಲೆ ನಿನಗ ನಂಬಿಕಿ ಇಲ್ಲೇನ?"

ಮೇಲಿದ್ದವರು ನಕ್ಕರು. ಅವಳು ಮತ್ತೆ ಕೂಗಿದಳು. ಅವನು ಓ ಅಂದ. ಮತ್ತೆ ಕೂಗಿದಳು. ಮೇಕೆಯ ದನಿಯಲ್ಲಿ ಓ ಅಂದ. ಮತ್ತೂ ಮೂರು ಸಲ ಓ ಬಂತು. ಏಳನೆಯದಕ್ಕೆ ಬರಲಿಲ್ಲ.

"ಚೇಷ್ಟಿ ಮಾಡಾಕತ್ತಾನ ಬಿಡವಾ" ಎಂದರು ಯಾರೋ.

"ಚೇಷ್ಟಿ ಅಲ್ಲ! ಹಗ್ಗಾ ಎಳೀರಿ!"

ಎಳೆಯಲು ಹಗ್ಗ ಎಲ್ಲಿತ್ತು? ಗುರುಲಿಂಗ ಓಡಿಹೋಗಿ ಯಂತ್ರವನ್ನು ತಿರುವಿ ಹಾಕಿ, ಹೀರುವ ಕೊಳವೆಯಿಂದಲೇ ಒಳಕ್ಕೆ ಗಾಳಿ ಊದಿಸಿದ. ಚಕ್ಕಡಿಯ ಹಗ್ಗ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು ತಾನೇ ಇಳಿದ. ಫಕೀರವ್ವ "ಗುರುಲಿಂಗಾ, ಗುರುಲಿಂಗಾ" ಎಂದು ಉಸಿರು ಬಿಡದೆ ಕೂಗಿದಳು. ಅವನು ಪ್ರತಿ ಸಲವೂ ಓ ಅಂದ. ದುರ್ಗಪ್ಪನನ್ನು ಮೇಲಕ್ಕೆಳೆದಾಗ ತುಟಿ ನೇರಳೆಯಾಗಿತ್ತು. ಒಂದು ಗಳಿಗೆಯ ನಂತರ ಕೆಮ್ಮಿದ.

ಎಂಟು ದಿನಕ್ಕೆ ವಿಚಾರಣೆ. ಸಂಘದ ಜೀಪು ಫಕೀರವ್ವನನ್ನು ಗದಗಿಗೆ ಕರೆದೊಯ್ದಿತು. ಕಾಳು ಕೇಂದ್ರವನ್ನು ಅವಳು ನೋಡಿದ್ದು ಅದೇ ಮೊದಲು. ತಣ್ಣನೆಯ ದೊಡ್ಡ ಕೋಣೆ, ಗೋಡೆಯಗಲದ ಪರದೆ, ಅದರ ತುಂಬ ಹಗೇವಿಗೊಂದರಂತೆ ಹಸಿರು ಚುಕ್ಕೆ. ಒಂದು ಮೇಜಿನಿಂದ ಕನ್ನಡಕದ ಹುಡುಗಿಯೊಬ್ಬಳು ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು. "ಅಜ್ಜಿ, ನಾನ್ರಿ." ದನಿ ಕೇಳಿ ಗುರುತು ಹತ್ತಿತು. ಶಾಹೀನಾಳ ಜಡೆಯಲ್ಲಿ ಮಲ್ಲಿಗೆ ದಂಡೆ ಇತ್ತು. ಫಕೀರವ್ವನ ಪಾಲಿಗೆ ಅದು ಕಣ್ಣಿಗಷ್ಟೇ ಇತ್ತು.

ಕೇಂದ್ರದ ಮುಖ್ಯಸ್ಥೆ ಹೆಬ್ಬಳ್ಳಿ ಮೇಡಂ ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ಮೊದಲ ಹನ್ನೆರಡು ವರ್ಷ ಅದು ನಡುಗುವ ಕೈಯಲ್ಲಿ ಎಳೆದಂತೆ ಮೇಲೆ ಕೆಳಗೆ ಆಡಿತ್ತು. ಕಡೆಯ ಮೂರು ವರ್ಷ ಬಿಗಿದ ದಾರದಂತೆ ನೆಟ್ಟಗಿತ್ತು.

"ಇದು ನಿಮ್ಮ ಮೂಗಿನ ಗೆರಿ ಅಜ್ಜಿ. ಮೊದಲೆಲ್ಲ ತಿಂಗಳಿಗೆ ಎಂಟ ಹತ್ತ ಸಲ 'ಗೊತ್ತಾಗವಲ್ದು, ಕಂದೀಲು ಇಳಿಸಿ ನೋಡ್ರಿ' ಅಂತಿದ್ರಿ. ಈ ಮೂರ ವರ್ಷದಾಗ ಒಂದ ಸಲನೂ ಅಂದಿಲ್ಲ. ಅನುಭವ ಅಂದ್ರ ಇದು" ಎಂದರು, ಸುತ್ತಲಿದ್ದವರ ಕಡೆ ತಿರುಗಿ.

ಫಕೀರವ್ವ ಆ ಗೆರೆಯನ್ನೇ ನೋಡಿದಳು. ಅದು ನೆಟ್ಟಗಾದ ದಿನ ಯಾವುದೆಂದು ಅವಳಿಗೆ ಗೊತ್ತಿತ್ತು.

"ಹಂಗಾದ್ರ ತಪ್ಪ ಯಾರದ್ರೀ?" ಎಂದಳು ಸಣ್ಣಗೆ.

"ತಿಳಿವು ಎಲ್ಲಾ ತಾಳೆ ಹಾಕಿ ನೋಡೇತಿ. ಸಾಕ್ಷಿ ಸರಿ ಐತಿ. ಅಂದಮ್ಯಾಲೆ ನಳಿಗಿದ ತಪ್ಪು. ನಳಿಗಿ ನೋಡಿಕೊಳ್ಳಾವ ಕಾರಕೂನ ಗುರುಲಿಂಗ. ಅವನ್ನ ಕೆಲಸದಿಂದ ತೆಗೀತೇವಿ."

"ಅವಾ ದುರ್ಗಪ್ಪನ ಜೀವಾ ಉಳಿಸ್ಯಾನ್ರೀ!"

"ಉಳಿಸ್ಯಾನ, ಖರೆ. ಆದ್ರ ಜೀವಕ್ಕ ಕುತ್ತು ತಂದಾವನೂ ಅವನ ಅಲ್ಲೇನ್ರಿ?"

ಅಲ್ಲಿಯೇ ಹೇಳಬಹುದಿತ್ತು. ಶಾಹೀನಾ ಅವಳ ಕೈ ಇನ್ನೂ ಬಿಟ್ಟಿರಲಿಲ್ಲ. ಬೆಚ್ಚಗಿನ ಕೈ. ಬೇರೆಯವರ ಕೈ ತನ್ನ ಕೈಯೊಳಗೆ ಇದ್ದು ಎಷ್ಟು ದಿನವಾಗಿತ್ತೆಂದು ಫಕೀರವ್ವ ಲೆಕ್ಕ ಹಾಕಲು ಹೋಗಿ ಸೋತಳು. ಚಹ ತಂದರು, ಕುಡಿದಳು. ಜೀಪು ಹತ್ತಿದಳು.

ಮರುದಿನ ಮುಂಜಾನೆ ಒಂಬತ್ತರ ಫೋನಿಗೆ ಮೊದಲೇ ಅವಳು ತಿಳಿವನ್ನು ಎದುರಿಗಿಟ್ಟುಕೊಂಡು ಕೂತಳು. ಮನುಷ್ಯರಿಗೆ ಹೇಳಲಾಗದ್ದನ್ನು ಯಂತ್ರಕ್ಕಾದರೂ ಹೇಳೋಣ ಎಂದು.

"ಕರಮಡ್ಡಿ ಫಕೀರವ್ವಗ ಮೂಗು ಇಲ್ಲ. ಮೂರ ವರ್ಷಾತು."

"ಈ ಮಾತಿಗೆ ಆಧಾರ ಸಿಗಲಿಲ್ಲ," ಎಂದಿತು ತಿಳಿವು. "ಫಕೀರವ್ವ ಕಳೆದ ಮೂರು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಾಟಲಿಗಳನ್ನು ಮೂಸಿ ಸಾಕ್ಷಿ ಹೇಳಿದ್ದಾರೆ. ನೂರಕ್ಕೆ ತೊಂಬತ್ತೊಂಬತ್ತು."

"ನಾನ ಫಕೀರವ್ವ. ನಾನ ಹೇಳಾಕತ್ತೇನಿ."

"ನೀವು ಹೇಳಿದ್ದನ್ನು ಗುರುತು ಹಾಕಿಕೊಂಡಿದ್ದೇನೆ. ಉಳಿದ ಆಧಾರಗಳಿಗೆ ಇದು ಹೊಂದುವುದಿಲ್ಲ. ಇನ್ನೇನಾದರೂ ಕೇಳುವುದಿತ್ತೇ?"

ಅವಳಿಗೆ ನಗು ಬಂತು. ಯಂತ್ರದೊಳಗೆ ಇನ್ನೊಬ್ಬ ಫಕೀರವ್ವ ಇದ್ದಾಳೆ, ಅವಳಿಗೆ ಮೂಗಿದೆ, ಅವಳನ್ನು ಎಲ್ಲರೂ ನಂಬುತ್ತಾರೆ. ಹೊರಗೆ ಚಾಪೆಯ ಮೇಲೆ ಕೂತವಳನ್ನು ಕೇಳುವವರೇ ಇಲ್ಲ.

ಮಧ್ಯಾಹ್ನ ದುರ್ಗಪ್ಪ ಬಂದ. ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು. ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದ. ಅವಳು ಚಟ್ನಿಪುಡಿ ಹಾಕಿದಳು.

"ಇದು ಸೀದ ಹೋಗೇತಿ ದೊಡ್ಡವ್ವ. ಮೂರ ವರ್ಷದಿಂದ ಸೀದದ್ದ ತಿನಸಾಕತ್ತೀ ನೀ ನನಗ."

"ಅಂದಿಲ್ಲಲೋ ಒಂದ ದಿನಾನೂ?"

"ಜಿಲ್ಲಾದಾಗ ದೊಡ್ಡ ಮೂಗು ನಿಂದು. ನೀ ಹುರದದ್ದ ಸೀದೈತಿ ಅಂತ ನಾ ಹೆಂಗ ಅನ್ನಲಿ?" ನಕ್ಕ. ರೊಟ್ಟಿ ಮುರಿದು ಪುಡಿಗೆ ಅದ್ದಿದ. ಆಮೇಲೆ ಅಂದ, "ಅವತ್ತನೂ ಹಂಗ ಆತು ನೋಡು. ಏಣಿ ಅರ್ಧಾ ಇಳಿಯೂದರಾಗ ಹುಳಿ ಅಂಬಲಿ ವಾಸ್ನಿ ಗಪ್ಪಂತ ಹೊಡೀತು. ಹತ್ತಿ ಬಂದ ಬಿಡೂಣು ಅಂದ್ಕೊಂಡೆ. ಫಕೀರವ್ವ ದೊಡ್ಡವ್ವ ಛಲೋ ಐತಿ ಅಂದಾಳ, ಅಂದಮ್ಯಾಲೆ ನನ್ನ ಮೂಗ ಕೆಟ್ಟಿರಬೇಕು ಅಂದ್ಕೊಂಡು ಇಳದೆ."

ಫಕೀರವ್ವ ಪುಡಿಯ ಡಬ್ಬಿ ಕೆಳಗಿಟ್ಟಳು.

"ಮತ್ತ ಎಂದಿನಿಂದ ಇಳೀತಿ?"

"ನಾಳಿಂದ. ಹತ್ತನೇ ಹಗೇವು ತೆಗೀತಾರ. ಬಾಟ್ಲಿ ಬಂದಿರಬೇಕಲ್ಲ ನಿನ್ನ ಕಡೆ?"

ಬಂದಿತ್ತು. ಅದರ ಜೊತೆ ಬೇರೆ ಊರಿನವು ಎರಡು. ಅಂದು ಮುಂಜಾನೆ ಒಂಬತ್ತಕ್ಕೆ ಶಾಹೀನಾಗೆ "ಇವತ್ತ ತಡಾ ಆಗತೈತವಾ, ಆಮ್ಯಾಲೆ ಹೇಳತೇನಿ" ಎಂದಿದ್ದಳು.

"ಬಾಟ್ಲಿ ಏನರ ಹೇಳಲಿ, ಏಣಿಗೆ ಕಾಲ ಇಡಬ್ಯಾಡ ದುರ್ಗಪ್ಪ. ಮೊದಲ ಕಂದೀಲು ಇಳೀಲಿ, ನಾ ಬಂದ ಕುಂತ ಕೂಗತೇನಿ. ನಿನ್ನ ಮೂಗ ಕೆಟ್ಟಿಲ್ಲ. ಕೆಟ್ಟದ್ದು ನಂದು. ಮೂರ ವರ್ಷಾತು."

ಅವನು ಅಗಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಬೈಯುತ್ತಾನೆಂದು ಅವಳು ಕಾದಳು. ಅವನು ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಎದ್ದ. ಚಪ್ಪಲಿ ಮೆಟ್ಟಿ ಅಂಗಳ ದಾಟಿ ಹೋದ.

ಅವಳು ಒಳಗೆ ಬಂದು ಭರಣಿ ಎತ್ತಿದಳು. ಕಾಗದದ ಮಡಿಕೆಯಲ್ಲಿ ಕುಂಕುಮ ಇಳಿದು ಕೆಂಪಾಗಿತ್ತು. ಮೂರು ವರ್ಷದ ಹಿಂದಿನ ಎರಡು ಸಾಲು ಓದಿದಳು. 'ಹೋಗೈತಿ' ಎಂಬುದರ ಕೆಳಗೆ ದಿನಾಂಕ ಹಾಕಿದಳು, ಜ್ವರದ ಹನ್ನೊಂದನೇ ದಿನದ್ದು. ಆಮೇಲೆ, ನಾಲಿಗೆ ತುಟಿಯ ಮೂಲೆಗೆ ತಂದುಕೊಂಡು, ಮುಂದುವರಿಸಿದಳು.

'ಅವತ್ತಿನಿಂದ ನಾ ಹೇಳಿದ್ದೆಲ್ಲಾ ಯಂತ್ರಾ ಕೇಳಿ ಹೇಳಿದ್ದು. ಒಂದನೂ ಮೂಸಿದ್ದಲ್ಲ. ಎಲ್ಲಾ ಅಳಸ್ರಿ. ಗುರುಲಿಂಗಂದು ತಪ್ಪಿಲ್ಲ. ಹಗೇವಿನ್ಯಾಗ ಯಾರ ಇಳದ್ರೂ ಮೊದಲ ಕಂದೀಲು ಇಳಿಸ್ರಿ. ಹಗ್ಗಾ ಕಟ್ರಿ. ಬಾಯಾಗ ಒಬ್ರು ಕುಂತು ಅವರ ಹೆಸರ ಹಿಡದ ಕೂಗ್ರಿ. ಇದನ್ನ ನೀವು ಕೇಳಿರಲಿಲ್ಲ, ಅದಕ್ಕ ಹೇಳಿರಲಿಲ್ಲ. ಶಾಹೀನಾ, ಇದನ್ನ ನೀನ ಓದು. ಯಂತ್ರಕ್ಕ ಹೇಳಿದೆ, ಅದು ನಂಬಲಿಲ್ಲ.'

ಇನ್ನೂ ಒಂದು ಸಾಲು ಬರೆಯಬೇಕೆಂದಿತ್ತು, ಫೋನಿನ ಬಗ್ಗೆ. ಪೆನ್ನು ಹಿಡಿದು ಕೂತಳು. ಬರೆಯಲಿಲ್ಲ.

ಮೂರೂವರೆಯ ಬಸ್ಸಿಗೆ ದಿನವೂ ಬಾಟಲಿ ಪೆಟ್ಟಿಗೆ ವಾಪಸು ಹೋಗುತ್ತಿತ್ತು. ಕಂಡಕ್ಟರ್ ಪೆಟ್ಟಿಗೆ ಇಸಿದುಕೊಂಡು ಒಳಗೆ ಇಣುಕಿದ.

"ಏನ್ ಅಜ್ಜಿ, ಇವತ್ತ ಬಾಟ್ಲಿ ಸೀಲ್ ಒಡದ ಇಲ್ಲಲ್ಲ?"

"ಇಲ್ಲಪಾ. ಹಂಗ ಹೋಗಲಿ. ಅದರಾಗ ಒಂದ ಕಾಗದ ಐತಿ, ಕೇಂದ್ರದಾಗ ಶಾಹೀನಾ ಅಂತ ಅದಾಳ, ಆಕಿ ಕೈಯಾಗನ ಕೊಡಬೇಕು. ಮೇಜಿನ ಮ್ಯಾಲೆ ಇಟ್ಟ ಬರಬ್ಯಾಡ."

"ಕೊಡೂಣಂತ. ನಿಮಗೇನಾಗಬೇಕ್ರಿ ಆಕಿ?"

ಫಕೀರವ್ವ ಯೋಚಿಸಿದಳು.

"ಆಕಿ ದಿನಾ ನನ್ನ ಕೂಗಾಕಿ" ಎಂದಳು.

ಕಂಡಕ್ಟರಿಗೆ ಅದೇನೆಂದು ಅರ್ಥವಾಗಲಿಲ್ಲ. ತಲೆಯಾಡಿಸಿ, ಪೆಟ್ಟಿಗೆಯನ್ನು ಡ್ರೈವರನ ಪಕ್ಕದ ಸೀಟಿಗೆ ತಳ್ಳಿ, ಬಾಗಿಲು ಬಡಿದು ರೈಟ್ ಅಂದ. ಬಸ್ಸು ಹೊಗೆ ಬಿಟ್ಟು, ಅಂಗಳದ ಗೋಡೆಯ ಗುಂಟ ಹೊರಳಿ, ಗದಗಿನ ದಾರಿ ಹಿಡಿಯಿತು.